ಹದಿನೆಂಟು ಮೀಟರ್ ಕೆಳಗಿನ ಆಫೀಸು

ಮದುವೆಯಾಗಿ ಮೂವತ್ತೊಂದು ವರ್ಷ ಕಳೆದಿದ್ದರೂ ಗಂಡ ಕೆಲಸ ಮಾಡುವ ಜಾಗವನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಅವಳ ಕೆಲಸದ ಜಾಗವನ್ನು ಅವನು ಬೇಕಾದಷ್ಟು ಸಲ ನೋಡಿದ್ದ. ದೊಡ್ಡಾಸ್ಪತ್ರೆಯ ಅಡುಗೆಮನೆಗೆ ಅವಳು ಮೇಲ್ವಿಚಾರಕಿ. ನಾನೂರು ಜನಕ್ಕೆ ಮೂರು ಹೊತ್ತು ಬೇಯಿಸುವ ಆ ಹಬೆಯ ನಡುವೆ ಯಾವ ಸೌಟು ಯಾವ ಮೊಳೆಗೆ ತೂಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಅವನದೋ, ಬಂದರಿನಲ್ಲಿ ಮುಳುಗುಗಾರನ ಕೆಲಸ. ಹಡಗಿನ ತಳ ಕೆರೆಯುವುದು, ಹಡಗು ನಿಲ್ಲುವ ಧಕ್ಕೆಯ ಕಂಬಗಳಲ್ಲಿ ಬಿರುಕು ಹುಡುಕುವುದು, ಸರಪಳಿಗೆ ಸಿಕ್ಕಿಕೊಂಡದ್ದನ್ನು ಬಿಡಿಸುವುದು. ಜೊತೆಯವರು ಅವನಿಗೆ ಆಮೆ ಎಂದು ಹೆಸರಿಟ್ಟಿದ್ದರು. ಎಷ್ಟು ಹೊತ್ತಾದರೂ ನೀರಲ್ಲಿರುತ್ತಾನೆ ಎಂದು ಕೆಲವರು, ಮಾತಿಗೆಳೆದರೆ ಕತ್ತು ಒಳಗೆಳೆದುಕೊಳ್ಳುತ್ತಾನೆ ಎಂದು ಉಳಿದವರು.

"ಇವತ್ತು ಕೆಲಸ ಹೇಗಿತ್ರೀ?" ಎಂದು ಸಂಜೆ ಅವಳು ಕೇಳಿದರೆ, "ನೀರಿತ್ತು," ಎನ್ನುತ್ತಿದ್ದ.

"ನೀರು ಬಿಟ್ಟು?"

"ಇನ್ನೊಂದಿಷ್ಟು ನೀರು."

ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ಅಪ್ಪನ ಆಫೀಸಿನ ಚಿತ್ರ ಬರೆದು ತರಲು ಹೇಳಿದ್ದರು. ಅಪ್ಪನನ್ನು ಕೇಳಿದ್ದಕ್ಕೆ "ಹಸಿರು ಬಳಿ" ಎಂದ. ಮಗು ಹಾಳೆಯ ತುಂಬಾ ಹಸಿರು ಬಳಿದುಕೊಂಡು ಹೋಯಿತು. ಟೀಚರು ಅದರ ಮೇಲೆ 'ಅಪೂರ್ಣ' ಎಂದು ಬರೆದು ಕಳಿಸಿದರು. ಈಗ ಮಗಳಿಗೂ ಮದುವೆಯಾಗಿದೆ; ಅದನ್ನು ನೆನೆಸಿಕೊಂಡು ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ.

ಆ ವರ್ಷದ ತಪಾಸಣೆಯಲ್ಲಿ ಬಂದರಿನ ಡಾಕ್ಟರು ಅವನ ಕಿವಿ ನೋಡಿ ತಲೆಯಾಡಿಸಿದರು. ಇನ್ನು ಮೂರು ತಿಂಗಳು, ಆಮೇಲೆ ನೀರಿಗಿಳಿಯುವಂತಿಲ್ಲ, ಮೇಲೆ ಕೂತು ಉಳಿದವರಿಗೆ ಕೆಲಸ ಹೇಳಿಕೊಡುವುದಷ್ಟೇ. ಮನೆಗೆ ಬಂದು ಬೂಟು ಬಿಚ್ಚುತ್ತಾ ಅವನು ಇದನ್ನು ಮಳೆ ಬರಬಹುದು ಅನ್ನುವ ಹಾಗೆ ಹೇಳಿ ಮುಗಿಸಿದ. ಅವಳಿಗೆ ಒಂದು ಕಡೆ ಸಮಾಧಾನ. ಮೂವತ್ತೊಂದು ವರ್ಷ ಸಂಜೆಯಾಗುತ್ತಲೇ ಬಾಗಿಲ ಕಡೆ ಕಿವಿ ಕೊಟ್ಟು ಕೂತವಳು ಅವಳು. ಇನ್ನೊಂದು ಕಡೆ, ಹೇಳಲಾಗದ ಸಂಕಟ. ನೋಡದೇ ಉಳಿದದ್ದು ಇನ್ನು ನೋಡದೇ ಹೋಗುತ್ತದಲ್ಲ!

ಮಾರನೆಯ ದಿನ ಅವಳು ತೀರ್ಮಾನ ಹೇಳಿದಳು. "ನಾವೊಂದು ಕ್ಯಾಮೆರಾ ತಗೊಳ್ಳೋಣ. ನೀರೊಳಗೆ ತೆಗೆಯೋದು."

"ಯಾಕೆ?"

"ನಿಮ್ಮ ಆಫೀಸು ನೋಡ್ಬೇಕು ನಾನು."

"ಅಲ್ಲೇನಿದೆ ಮಣ್ಣು..."

"ಆ ಮಣ್ಣೇ ನೋಡ್ತೀನಿ, ನಡೀರಿ."

ಬಂದರಿನ ಹಿಂದಿನ ಬೀದಿಯಲ್ಲಿ ಮುಳುಗುಗಾರರ ಸಾಮಾನು ಮಾರುವ ಅಂಗಡಿಯಿತ್ತು. ಗಾಜಿನ ಕಪಾಟಿನಲ್ಲಿ ಸಾಲಾಗಿ ಕ್ಯಾಮೆರಾಗಳು. ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದ ಅಂಗಡಿಯಾಕೆ ಯಾವ ಕ್ಯಾಮೆರಾ ಬೇಕು ಎಂದು ಕೇಳಲಿಲ್ಲ. "ಎಷ್ಟು ಆಳಕ್ಕೆ ಇಳೀತೀರಾ?" ಎಂದು ಕೇಳಿದಳು.

"ಹದಿನೆಂಟು ಮೀಟರ್," ಎಂದ ಅವನು.

"ನೀರು ಹೇಗಿರತ್ತೆ? ತಿಳಿಯಾಗಾ?"

"ಬಂದರಿನ ನೀರಮ್ಮ. ಕೈ ಚಾಚಿದ್ರೆ ಬೆರಳು ಕಾಣಲ್ಲ. ಆದ್ರೆ ಬೆಳಗ್ಗೆ, ಹಡಗುಗಳು ಓಡಾಡೋಕ್ಕೆ ಮುಂಚೆ, ಒಂದರ್ಧ ಗಂಟೆ ಚೆನ್ನಾಗಿರತ್ತೆ. ಮೇಲಿಂದ ಬೆಳಕು ಓರೆಯಾಗಿ ಇಳಿದಿರತ್ತೆ, ಕಂಬಗಳ ಮಧ್ಯೆ."

ಅವಳು ಗಂಡನ ಮುಖ ನೋಡಿದಳು. ಇದು ಯಾರು ಮಾತಾಡುತ್ತಿರುವುದು?

ಅಂಗಡಿಯಾಕೆ ಬಣ್ಣಗಳ ಬಗ್ಗೆ ಕೇಳಿದಳು. ಕೆಂಪು ಐದಾರು ಮೀಟರಿಗೇ ಮಾಯವಾಗುತ್ತದೆ ಎಂದು ಅವನು ಹೇಳಿದ. ಒಮ್ಮೆ ಕೈ ಕುಯ್ದುಕೊಂಡಾಗ ತನ್ನ ರಕ್ತ ಹಸಿರಾಗಿ ಕಂಡಿತ್ತಂತೆ. ಆ ಗಾಯಕ್ಕೆ ಪಟ್ಟಿ ಕಟ್ಟಿದವಳು ಹೆಂಡತಿಯೇ. ಹಸಿರಿನ ಸಂಗತಿ ಮಾತ್ರ ಇವತ್ತೇ ಮೊದಲು ಕೇಳುತ್ತಿದ್ದಳು. ಸ್ವಲ್ಪ ಹೊಟ್ಟೆಕಿಚ್ಚಾಯಿತು. ಮರುಕ್ಷಣ ಅನ್ನಿಸಿತು, ನಾನು ಇಷ್ಟು ವರ್ಷ 'ಹೇಗಿತ್ತು' ಎಂದು ಕೇಳಿದೆ, ಈಕೆ ಎಷ್ಟು ಆಳ, ಎಂಥ ಬೆಳಕು ಎಂದು ಕೇಳುತ್ತಿದ್ದಾಳೆ. ಕೇಳಬೇಕಿದ್ದ ಪ್ರಶ್ನೆಯೇ ಬೇರೆಯಿತ್ತು. ಅವಳು ಸ್ಟೂಲು ಎಳೆದುಕೊಂಡು ಕೂತು, ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡಳು.

ಅಂಗಡಿಯಾಕೆ ಮೂರು ತೆರನಾದವನ್ನು ಮೇಜಿನ ಮೇಲಿಟ್ಟಳು. ಮೊದಲನೆಯದು ತಾನೇ ನೀರು ತಡೆಯುವ ಪುಟ್ಟ ಕ್ಯಾಮೆರಾ. ಜೇಬಿಗೆ ಹಿಡಿಸುತ್ತದೆ, ಆದರೆ ಹದಿನೈದು ಮೀಟರಿಗಿಂತ ಕೆಳಗೆ ಒಯ್ಯುವಂತಿಲ್ಲ. ಗುಂಡಿಗಳು ಎಳ್ಳಿನ ಕಾಳಿನಷ್ಟು, ದಪ್ಪ ಕೈಗವಸಿಗೆ ಸಿಗುವುದೇ ಕಷ್ಟ. ಎರಡನೆಯದು ದೊಡ್ಡ ಕ್ಯಾಮೆರಾ, ಅದಕ್ಕೊಂದು ಲೋಹದ ಕವಚ. ಎತ್ತಿ ನೋಡಿದ ಗಂಡ, "ಕೈಕೂಸು ಎತ್ತಿಕೊಂಡ ಹಾಗಿದೆ. ಇದನ್ನಿಟ್ಕೊಂಡು ಕೆಲಸ ಯಾವ ಕೈಯಲ್ಲಿ ಮಾಡ್ಲಿ?" ಎಂದ. ಮೂರನೆಯದು ಸಾಧಾರಣ ಕ್ಯಾಮೆರಾ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಗಟ್ಟಿ ಕವಚ. ನಲವತ್ತು ಮೀಟರ್ ತಾಳುತ್ತದೆ, ಗುಂಡಿಗಳ ಬದಲು ಹೆಬ್ಬೆರಳಿಗೆ ಸಿಗುವ ಪುಟ್ಟ ಹಿಡಿಗಳು, ನೀರು ನುಗ್ಗಿದರೆ ಹೊರಗಿನಿಂದಲೇ ಕಾಣುತ್ತದೆ.

"ನೀರು ತಡೆಯೋದು ಯಾವ್ದು ಇದ್ರಲ್ಲಿ?" ಎಂದು ಅವಳು ಆಗ ಬಾಯಿ ಬಿಟ್ಟಳು.

ಕವಚದ ಅಂಚಿನ ತೋಡಿನಲ್ಲಿ ಕೂತಿದ್ದ ತೆಳ್ಳಗಿನ ರಬ್ಬರ್ ಉಂಗುರವನ್ನು ಅಂಗಡಿಯಾಕೆ ತೋರಿಸಿದಳು. ಹೆಂಡತಿಯ ಮುಖ ಅರಳಿತು. "ಓ, ಗ್ಯಾಸ್ಕೆಟ್ಟು!" ಆಸ್ಪತ್ರೆಯ ದೊಡ್ಡ ಕುಕ್ಕರುಗಳ ಗ್ಯಾಸ್ಕೆಟ್ಟಿನ ವಿಷಯದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಉಂಗುರವನ್ನು ಬಿಡಿಸಿ, ಬಗ್ಗಿಸಿ, ಬೆಳಕಿಗೆ ಹಿಡಿದು, ಮೂಸಿಯೂ ನೋಡಿದಳು. ಸುತ್ತಲೂ ಬೆರಳಾಡಿಸಿ, "ಇಲ್ಲೊಂದು ಕಚ್ಚು ಇದೆ. ಬೇರೆ ಕೊಡಿ, ಜೊತೆಗೆ ಎರಡು ಹೆಚ್ಚಿಗೆ ಇರಲಿ," ಎಂದಳು. ಅಂಗಡಿಯಾಕೆ ಕನ್ನಡಕ ಇಳಿಸಿ ನೋಡಿದಳು. ಕಚ್ಚು ಇತ್ತು.

"ನೀವು ನಮ್ಮಲ್ಲಿಗೇ ಕೆಲಸಕ್ಕೆ ಬಂದ್ಬಿಡಿ ಅಕ್ಕಾ," ಎಂದು ನಕ್ಕಳು.

ಮನೆಗೆ ಬಂದು, ಅಂಗಡಿಯಾಕೆ ಹೇಳಿಕೊಟ್ಟ ಹಾಗೆ, ಮೊದಲು ಕ್ಯಾಮೆರಾ ಇಲ್ಲದೆ ಬರಿ ಕವಚದೊಳಗೆ ಒಂದು ಕಾಗದದ ಕರವಸ್ತ್ರ ಇಟ್ಟು, ಕಲ್ಲು ಕಟ್ಟಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದರು. ಒಂದು ಗಂಟೆ ಇಬ್ಬರೂ ಡ್ರಮ್ಮಿನ ಮೇಲೆ ಬಗ್ಗಿಕೊಂಡೇ ನಿಂತಿದ್ದರು. ಕಾಗದ ಒಂದಿಷ್ಟೂ ನೆನೆಯದೆ ಹೊರಬಂತು. ಅಂದಿನಿಂದ ಕವಚ ಮುಚ್ಚುವ ಕೆಲಸ ಅವಳದು. ಬೆಳಗ್ಗೆ ಉಂಗುರ ಒರೆಸಿ, ಬೆರಳ ತುದಿಯಲ್ಲಿ ಇಷ್ಟೇ ಇಷ್ಟು ಜಿಡ್ಡು ಸವರಿ, ಒಳಗೆ ತೇವ ಹೀರುವ ಪುಟ್ಟ ಪೊಟ್ಟಣ ಇಟ್ಟು, ಬೀಗಮುದ್ರೆ ಹಾಕುವ ಗಾಂಭೀರ್ಯದಲ್ಲಿ ಮುಚ್ಚುತ್ತಿದ್ದಳು. ಬಂದರಿನ ಮೇಲಧಿಕಾರಿ ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಫೋಟೋ ತೆಗೆದುಕೊಳ್ಳಲು ಅನುಮತಿ ಕೊಟ್ಟಿದ್ದರು.

ಮೊದಲ ದಿನದ ಫೋಟೋಗಳ ತುಂಬಾ ಬಿಳಿ ಚುಕ್ಕೆ.

"ಹಿಟ್ಟಿನ ಡಬ್ಬಿ ಬೋರಲು ಬಿದ್ದ ಹಾಗಿದೆಯಲ್ರೀ. ಇದಕ್ಕಾ ಮೂವತ್ತೊಂದು ವರ್ಷ ಹೋಗಿದ್ದು?"

ಫೋನು ಮಾಡಿದರೆ ಅಂಗಡಿಯಾಕೆಗೆ ನಗು. ಕ್ಯಾಮೆರಾದ ಮಿಂಚುದೀಪ ಆರಿಸಿ, ಬದಿಯಿಂದ ಟಾರ್ಚು ಹಿಡಿಯಿರಿ, ಹತ್ತಿರ ಹೋಗಿ, ಇನ್ನೂ ಹತ್ತಿರ ಹೋಗಿ ಎಂದಳು. ನೇರ ಬೆಳಕು ನೀರಿನ ಕೆಸರಿಗೆ ಬಡಿದು ವಾಪಸು ಬರುತ್ತದೆ, ಅದೇ ಆ ಚುಕ್ಕೆಗಳು.

ಆಮೇಲೆ ಒಂದೊಂದೇ ಬಂದವು. ಕಂಬವನ್ನು ಸೀರಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ ಹಿಡಿದ ಚಿಪ್ಪುಗಳು. ಹಡಗಿನ ಪಂಖ, ಮನುಷ್ಯನ ಎರಡರಷ್ಟು ಎತ್ತರ. ಅವನ ಕೈಗವಸಿನ ಮೇಲೆ ಕೂತ, ಉಗುರಿನಷ್ಟು ಏಡಿ. ಸಂಜೆ ಊಟದ ಮೇಜಿನ ಮೇಲೆ ತಟ್ಟೆ ಸರಿಸಿ ಅವಳು ಕೇಳುತ್ತಿದ್ದಳು, ಇದು ಮೇಲಾ ಕೆಳಗಾ, ಇಲ್ಲಿ ಚಳಿ ಇರುತ್ತಾ, ಇದನ್ನು ತೆಗೆಯುವಾಗ ಕಾಲು ಎಲ್ಲಿ ಊರಿದ್ದಿರಿ. ಅವನು ಹೇಳುತ್ತಿದ್ದ. ಒಂದು ತಿಂಗಳಲ್ಲಿ ಆಮೆ ಆಡಿದ ಮಾತು ಅದಕ್ಕೆ ಮುಂಚಿನ ಹತ್ತು ವರ್ಷದ್ದಕ್ಕಿಂತ ಹೆಚ್ಚು.

ಇನ್ನು ಹನ್ನೊಂದು ದಿನ ಇದೆ ಎನ್ನುವಾಗ ಎಡವಟ್ಟಾಯಿತು. ಬೆಳಗ್ಗೆ ಆಸ್ಪತ್ರೆಯಿಂದ ಫೋನು, ಬಾಯ್ಲರು ಕೆಟ್ಟಿದೆ, ತಿಂಡಿ ಆಗಿಲ್ಲ, ಬೇಗ ಬನ್ನಿ ಎಂದು. ತಲೆಯೂ ಬಾಚದೆ, ಒಂದು ಕಾಲು ಚಪ್ಪಲಿಯಲ್ಲಿ ತೂರಿಸುತ್ತಲೇ ಕವಚ ಮುಚ್ಚಿ ಅವನ ಕೈಗಿತ್ತು ಓಡಿದಳು. ಸಂಜೆ ಅವನು ಬಂದಾಗ ಕವಚದೊಳಗೆ ನೀರು ತುಳುಕುತ್ತಿತ್ತು. ಕ್ಯಾಮೆರಾ ಸತ್ತಿತ್ತು.

"ನನ್ನದೇ ತಪ್ಪು ಇವಳೇ. ಸರಪಳಿಗೆ ತಾಗಿಸಿಬಿಟ್ಟೆ," ಎಂದು ಹೇಳಿ ಅವನು ಸ್ನಾನಕ್ಕೆ ಹೋದ.

ಅವಳು ಕವಚವನ್ನು ಕಿಟಕಿಯ ಬಳಿ ಒಯ್ದು ತಿರುಗಿಸಿ ನೋಡಿದಳು. ಬಡಿದ ಗುರುತು ಎಲ್ಲೂ ಇಲ್ಲ. ತೆರೆದಳು. ಉಂಗುರದ ಮೇಲೆ ಅಡ್ಡಲಾಗಿ, ಜಿಡ್ಡಿಗೆ ಅಂಟಿಕೊಂಡು, ಒಂದು ಉದ್ದ ಕೂದಲು. ಬುಡ ಬಿಳಿ, ಮಿಕ್ಕಿದ್ದು ಕಪ್ಪು. ಗಂಡನ ತಲೆಯೋ ತೊಳೆದಿಟ್ಟ ತಂಬಿಗೆ. ಅಲ್ಲಿ ಕೂದಲು ಕಂಡು ವರ್ಷ ಹತ್ತಾಗಿತ್ತು. ಅವನು ಇದನ್ನು ನೋಡದೆ ಇರುವುದು ಸಾಧ್ಯವೇ ಇಲ್ಲ. ಬಿರುಕು ಹುಡುಕುವುದೇ ಕಸುಬಾಗಿದ್ದ ಮನುಷ್ಯ.

ಅವನು ಟವೆಲು ಹೊದ್ದು ಬಂದಾಗ ಅವಳು ಆ ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು.

"ಯಾವಾಗಿಂದ್ರೀ, ಆ ಸರಪಳಿಗೆ ಕೂದಲು ಬೆಳೆದಿದ್ದು?"

ಅವನು ಕಳ್ಳನ ಹಾಗೆ ನಿಂತ. ಆಮೇಲೆ ಅವನ ಭುಜ ಅಲುಗಿತು. ನಗು ತಡೆಯಲಾಗದೆ ಗೋಡೆಗೆ ಒರಗಿದ. ಅವಳೂ ನಗತೊಡಗಿದಳು, ನಗುತ್ತಲೇ ಕಣ್ಣೀರು ಬಂತು, ಬಂದದ್ದು ನಿಲ್ಲಲಿಲ್ಲ.

"ಬೇರೆಯವರ ಗ್ಯಾಸ್ಕೆಟ್ಟಿನಲ್ಲಿ ಕಚ್ಚು ಹುಡುಕಿ ಕೊಟ್ಟವಳು ನಾನು. ಇನ್ನು ಹನ್ನೊಂದೇ ದಿನ ಇತ್ತಲ್ರೀ."

"ಹನ್ನೊಂದು ದಿನ ಇದೆ," ಎಂದು ಅವನು ತಿದ್ದಿದ. "ಹೋಗಿಲ್ಲವಲ್ಲ."

ಕ್ಯಾಮೆರಾ ಬದುಕುವುದಿಲ್ಲ ಎಂದು ಅಂಗಡಿಯಾಕೆ ಖಚಿತವಾಗಿ ಹೇಳಿದಳು. ಆದರೆ ಒಳಗಿನ ಕಾರ್ಡನ್ನು ಸಿಹಿನೀರಿನಲ್ಲಿ ತೊಳೆದು ಎರಡು ದಿನ ಒಣಗಿಸಿದಳು. ಫೋಟೋಗಳೆಲ್ಲ ಹಾಗೇ ಇದ್ದವು. ಮತ್ತೊಂದು ಅಂಥ ಕ್ಯಾಮೆರಾ ತರಿಸಲು ಮೂರು ವಾರ ಬೇಕಿತ್ತು. ಕಪಾಟಿನಲ್ಲಿ ಉಳಿದದ್ದು ಆ ಪುಟ್ಟದು ಮಾತ್ರ, ಹದಿನೈದು ಮೀಟರಿನದು.

"ಇದನ್ನೇ ಕೊಡಿ," ಎಂದಳು ಅವಳು. "ಕವಚವೂ ಬೇಡ, ನನ್ನ ಕೂದಲಿಗೂ ಕೆಲಸ ಇಲ್ಲ."

"ಗುಂಡಿ?" ಎಂದ ಗಂಡ, ತನ್ನ ಹೆಬ್ಬೆರಳು ತೋರಿಸುತ್ತಾ.

ಅದಕ್ಕೆ ಅವಳು ಆಸ್ಪತ್ರೆಯಿಂದ ಹಳೆಯ ಕುಕ್ಕರಿನ ಗ್ಯಾಸ್ಕೆಟ್ಟು ತಂದು, ಅದರಿಂದ ಹುಣಸೆಬೀಜದಷ್ಟು ತುಂಡು ಕತ್ತರಿಸಿ, ಕ್ಲಿಕ್ಕಿಸುವ ಗುಂಡಿಯ ಮೇಲೆ ಅಂಟಿಸಿದಳು. ಕೈಗವಸು ತೊಟ್ಟು ಅವನು ಒತ್ತಿ ನೋಡಿದ. ಸಿಕ್ಕಿತು. ಅಡುಗೆಮನೆಯಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು, ಅವಳದೇ ಇಪ್ಪತ್ತು ಫೋಟೋ ತೆಗೆದ. ಹದಿಮೂರರಲ್ಲಿ ಅವಳು ಬೈಯುತ್ತಿದ್ದಳು.

ಕೊನೆಯ ದಿನ ಮೇಲಧಿಕಾರಿ ಅವಳನ್ನೂ ಧಕ್ಕೆಗೆ ಕರೆದರು. ಕಬ್ಬಿಣದ ಬೆಂಚಿನ ಮೇಲೆ ಕೂತು, ಅವನು ಏಣಿ ಇಳಿದು ಮುಳುಗಿದ ಜಾಗದಲ್ಲಿ ಏಳುವ ಗುಳ್ಳೆಗಳನ್ನೇ ಅವಳು ನೋಡಿದಳು. ಬೆಳಗಿನ ಆ ಅರ್ಧ ಗಂಟೆ ಅದು. ಹಡಗುಗಳು ಇನ್ನೂ ಅಲುಗಿರಲಿಲ್ಲ. ನೋಡದೆ ಹೆದರುವುದಕ್ಕಿಂತ ನೋಡಿಕೊಂಡು ಹೆದರುವುದೇ ಮೇಲು ಅನ್ನಿಸಿತು. ಹದಿನೈದು ಮೀಟರಿಗೆ ಬಂದಾಗ ಕ್ಯಾಮೆರಾವನ್ನು ಕಂಬದ ಕೊಂಡಿಗೆ ಕಟ್ಟಿ, ಉಳಿದ ಕೆಲಸ ಮುಗಿಸಿ, ಮರಳುವಾಗ ಬಿಚ್ಚಿಕೊಂಡು ಅವನು ಮೇಲೆ ಬಂದ. ಜೊತೆಯವರು ಕೈ ಕೊಟ್ಟು ಎಳೆದುಕೊಂಡರು, ಬೆನ್ನು ತಟ್ಟಿದರು, "ಆಮೆ ದಡ ಸೇರಿತಪ್ಪಾ" ಎಂದು ಕೂಗಿದರು.

ಅವನು ಒದ್ದೆ ಒದ್ದೆಯಾಗಿಯೇ ಬಂದು ಅವಳ ಪಕ್ಕ ಕೂತ. ಪುಟ್ಟ ಪರದೆಯ ಮೇಲೆ ಅವಳು ಒಂದೊಂದೇ ಸರಿಸಿದಳು. ಕಂಬಗಳ ನಡುವೆ ಓರೆಯಾಗಿ ಇಳಿದ ಬೆಳಕು. ಅದರಲ್ಲಿ ಬೆಳ್ಳಿಯ ಚೂರುಗಳಂತೆ ತಿರುಗುವ ಮೀನಿನ ಮರಿಗಳು. ಇನ್ನೂ ಕೆಳಗೆ, ಹಸಿರು ಕಪ್ಪಾಗುವ ಕಡೆ, ಸರಪಳಿಯ ಒಂದೊಂದು ಕೊಂಡಿ. ಮುಂದಿನದಕ್ಕೆ ಬೆರಳು ಸರಿಸಿದರೆ ಮತ್ತೆ ಮೊದಲಿನದೇ ಬಂತು.

"ಮುಗೀತಾ?"

"ಹದಿನೈದಕ್ಕೆ ಮುಗೀತು. ಇನ್ನು ಮೂರು ಮೀಟರ್ ಇದೆ."

"ಅದನ್ನ ಹೇಗೆ ನೋಡೋದು?"

"ಬಾಯಲ್ಲಿ ಹೇಳ್ತೀನಿ," ಎಂದ ಅವನು. ಮುಖದ ನೀರು ಒರೆಸಿಕೊಂಡು, ಬಲಗೈಯನ್ನು ಮುಂದೆ ಚಾಚಿ, ಅದು ಮೊದಲು ಎಲ್ಲಿ ಕಾಣದಾಗುತ್ತದೆ ಎಂಬುದರಿಂದ ಶುರುಮಾಡಿದ. ಅವಳು ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಅವನ ಕಡೆ ತಿರುಗಿ ಕೂತಳು.

"ನಿಧಾನವಾಗಿ ಹೇಳಿ," ಎಂದಳು. "ಇವತ್ತು ರಜೆ ಹಾಕಿದೀನಿ."