ಕೊನ್ಯಾಕ್ ಹಾಕದ ಮೆಣಸಿನ ಸಾಸ್

ನಮ್ಮೂರಿನಲ್ಲಿ ಗೋಡೆಗಳೂ ಕುಡಿಯುತ್ತವೆ. ಉಗ್ರಾಣದ ಪೀಪಾಯಿಗಳಿಂದ ಆವಿಯಾಗಿ ಹೋಗುವ ಕೊನ್ಯಾಕ್ ಬ್ರಾಂದಿ ಕುಡಿದು ಕೊಬ್ಬಿದ ಕಪ್ಪು ಬೂಷ್ಟು ಜಾರ್ನಾಕ್ ಪೇಟೆಯಿಂದ ಇತ್ತ ಒಂದು ಮನೆಯ ಹೆಂಚನ್ನೂ ಬಿಟ್ಟಿಲ್ಲ. ಇಂಥ ಊರಿನಲ್ಲಿದ್ದುಕೊಂಡು ನನ್ನ ಗಂಡ ರೆಜಿಸ್ ಕುಡಿಯುವುದನ್ನು ಬಿಟ್ಟಿದ್ದಾನೆ. ಕಳೆದ ಚಳಿಗಾಲ ದ್ರಾಕ್ಷಿ ತೋಟದಿಂದ ಬರುವಾಗ ಟ್ರ್ಯಾಕ್ಟರ್ ಸಮೇತ ಹಳ್ಳಕ್ಕೆ ಉರುಳಿದ ಮೇಲೆ ಬಿಟ್ಟ. ಬಿಟ್ಟವನು ಅವನು, ಅಂದಿನಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವವಳು ನಾನು.

ಕಾಯುವುದು ಸುಲಭವಲ್ಲ. ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಅವರಿವರಿಗೆ ಕೊಟ್ಟೆ, ಕೇಕಿಗೆ ಹಾಕುವ ರಮ್ಮನ್ನೂ ಉಳಿಸಲಿಲ್ಲ. ಅವನು ಶೆಡ್ಡಿನಲ್ಲಿ ಸ್ವಲ್ಪ ತಡ ಮಾಡಿದರೆ ಏನಾದರೂ ನೆವ ಹೂಡಿ ಹೋಗಿ ನೋಡಿ ಬರುತ್ತೇನೆ. ಮಲಗಿದಾಗಲೂ ಒಂದು ಕಿವಿ ಮೆಟ್ಟಿಲ ಕಡೆಗೇ ಇರುತ್ತದೆ. ವಾರವಿಡೀ ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸಿ, ಮೈ ಒರೆಸಿ, ಸೊಂಟ ಹಿಡಿದುಕೊಂಡು ಮನೆಗೆ ಬಂದರೆ ಇಲ್ಲೊಂದು ಪಹರೆ. ಸಾಕುಬೇಕಾಗಿ ಹೋಗಿದೆ.

ಭಾನುವಾರ ಮಧ್ಯಾಹ್ನ ಮೆಣಸಿನ ಸಾಸ್ ಹಾಕಿದ ಸ್ಟೇಕ್ ಈ ಮನೆಯ ರೂಢಿ. ಮಾಂಸ ಬೆಂದ ಬಾಣಲೆಗೆ ಕೊನ್ಯಾಕ್ ಸುರಿದು, ಬೆಂಕಿ ಹತ್ತಿಸಿ, ಆಮೇಲೆ ಕೆನೆ ಹಾಕುವುದು ಇಲ್ಲಿಯ ಪದ್ಧತಿ. ನಾನು ಈಗ ಕೊನ್ಯಾಕಿನ ಬದಲು ಮೂಳೆ ಸಾರು ಹಾಕಿ ಒಂದು ಚಮಚ ವಿನೆಗರ್ ಸೇರಿಸುತ್ತೇನೆ. ರೆಜಿಸ್ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದು ಚೆನ್ನಾಗಿದೆ ಎನ್ನುತ್ತಾನೆ. ಚೆನ್ನಾಗಿಲ್ಲವೆಂದು ನನಗೂ ಗೊತ್ತು, ಅವನಿಗೂ ಗೊತ್ತು.

ಹೀಗೇಕೆಂದು ಗೊತ್ತಿಲ್ಲದಿದ್ದವರು ನನ್ನ ಅತ್ತೆ ಜಿನೆಟ್ ಮಾತ್ರ. ಹೊಟ್ಟೆಯಲ್ಲಿ ಹುಣ್ಣಾಗಿದೆ, ಡಾಕ್ಟರು ಕುಡಿಯಬೇಡ ಅಂದಿದ್ದಾರೆ ಎಂದು ರೆಜಿಸ್ ತಾಯಿಗೆ ಸುಳ್ಳು ಹೇಳಿದ್ದ. ಕುಡುಕ ಅನ್ನಿಸಿಕೊಳ್ಳುವುದಕ್ಕಿಂತ ಹುಣ್ಣು ಮರ್ಯಾದಸ್ಥ ಕಾಯಿಲೆ.

ತೀರಿಹೋದ ಮಾವನ ಹುಟ್ಟುಹಬ್ಬ ಒಂದು ಭಾನುವಾರ ಬಂತು. ಊಟಕ್ಕೆ ಬಂದ ಅತ್ತೆ ಕೋಲೂರಿಕೊಂಡು ನೇರ ಅಡುಗೆಮನೆಗೇ ಹೊಕ್ಕರು. ನಾನು ಕಾಳುಮೆಣಸನ್ನು ಮಣೆಯ ಮೇಲೆ ಹರಡಿ ಬಾಣಲೆಯ ತಳದಿಂದ ಒತ್ತಿ ಒಡೆಯುತ್ತಿದ್ದೆ.

"ಇನ್ನೂ ಸ್ವಲ್ಪ ದಪ್ಪಗಿರಲಿ ಕಣೇ ನಾದೇಜ್. ಹಿಟ್ಟು ಮಾಡಿ ಮೂಗಿಗೆ ಏರಿಸ್ತೀಯೇನು?"

"ಕೂತ್ಕೊಳ್ಳಿ ಅತ್ತೆ."

"ಕೂತ್ಕೋತೀನಿ, ನನ್ನ ಓಡಿಸೋಕೆ ಅಷ್ಟು ಆತುರ ಯಾಕೆ?" ಎಂದು ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿ ನೋಡಿದರು. "ಇದೇನಿದು, ಬಾಣಂತಿ ಸಾರು?"

"ಸಾಸಿಗೆ."

"ಸಾಸಿಗೆ ಸಾರು! ನಿಮ್ಮ ಮಾವ ಬದುಕಿದ್ದಿದ್ರೆ ಎದ್ದು ಹೋಗಿರೋರು." ಚೀಲದಿಂದ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಅವರ ಪೀಪಾಯೀದೇ ಇದು. ಇವತ್ತಾದ್ರೂ ಬಾಯಿಗೆ ರುಚಿಯಾಗಿ ಮಾಡು."

"ರೆಜಿಸ್‌ಗೆ ಆಗಲ್ಲ ಅತ್ತೆ. ಗೊತ್ತಲ್ಲ, ಹೊಟ್ಟೆ."

"ಅಯ್ಯೋ ಹುಚ್ಚಿ, ಅದನ್ನೆಲ್ಲ ಬೆಂಕೀನೇ ಕುಡಿದುಬಿಡುತ್ತೆ. ನಮಗೆ ಉಳಿಯೋದು ಬರೀ ಘಮ. ಮಕ್ಕಳಿಗೂ ಹಾಕಿ ಕೊಟ್ಟಿದೀವಿ."

ಊರಿಗೆ ಊರೇ ನಂಬಿದ ಮಾತು ಅದು. ಬೆಂಕಿ ಎಲ್ಲವನ್ನೂ ಕುಡಿಯುವುದಿಲ್ಲ, ರೆಜಿಸ್‌ನಂಥವನನ್ನು ಮತ್ತೆ ಕುಡಿತಕ್ಕೆ ಎಳೆಯಲು ಆ ಘಮವೇ ಸಾಕು ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಅದನ್ನು ಅತ್ತೆಗೆ ಹೇಳಬೇಕೆಂದರೆ ಉಳಿದದ್ದನ್ನೂ ಹೇಳಬೇಕು. ಬೇಡ ಎಂದಷ್ಟೇ ಹೇಳಿ ಬಾಟಲಿಯನ್ನು ಕಪಾಟಿನ ಮೇಲಿಟ್ಟೆ. ಸ್ಟೇಕುಗಳ ಎರಡೂ ಮಗ್ಗುಲನ್ನು ಬೆಣ್ಣೆಯಲ್ಲಿ ಸುಟ್ಟು, ತಟ್ಟೆಗೆ ತೆಗೆದು ಮುಚ್ಚಿದೆ. ಅದೇ ಬಾಣಲೆಗೆ ಸಣ್ಣ ಈರುಳ್ಳಿ, ಒಡೆದ ಮೆಣಸು ಬಿದ್ದವು. ಕೆನೆ ತರಲು ಹಿಂದಿನ ಕೋಣೆಗೆ ಹೋದೆ.

ಬರುವಷ್ಟರಲ್ಲಿ ಬಾಣಲೆಯಿಂದ ನೀಲಿ ಜ್ವಾಲೆ ಎದ್ದಿತ್ತು. ಮೊಣಕಾಲು ನೋವೆಂದು ದಿನವೆಲ್ಲ ಗೋಳಾಡುವ ಹೆಂಗಸು ಕಪಾಟಿನ ಮೇಲಿನ ಬಾಟಲಿಯನ್ನು ಅದು ಹೇಗೆ ಇಳಿಸಿದರೋ!

"ನೋಡು, ಹೀಗೆ ಮಾಡ್ಬೇಕು," ಎಂದರು ಖುಷಿಯಾಗಿ.

ಜ್ವಾಲೆ ತಾನೇ ಆರಿತು. ಅಡುಗೆಮನೆ ತುಂಬ ಘಮ್ಮೆಂದು ವಾಸನೆ ಹರಡಿತು. ನನ್ನ ಬಾಯಲ್ಲೂ ನೀರೂರಿತು. ಒಂದು ಗಳಿಗೆ, ಹಾಳಾಗಿ ಹೋಗಲಿ, ಕೆನೆ ಸುರಿದು ಬಡಿಸಿಬಿಡೋಣ ಅನ್ನಿಸಿತು. ಅಷ್ಟು ದಣಿದಿದ್ದೆ.

ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ ರೆಜಿಸ್ ಬಾಗಿಲಲ್ಲಿ ಬಂದು ನಿಂತಿದ್ದ. ಅವನ ಕಣ್ಣು ಬಾಣಲೆಯ ಮೇಲಿತ್ತು. ನನ್ನನ್ನೂ ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ನಾನು ಬಾಣಲೆಯನ್ನು ಎತ್ತಿ ಇದ್ದದ್ದನ್ನೆಲ್ಲ ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ.

ಅತ್ತೆ ಕಿರುಚಿಕೊಂಡರು. "ಏನೇ ಇದು! ಸತ್ತವರ ಹುಟ್ಟುಹಬ್ಬದ ದಿನ ಅವರ ಕೊನ್ಯಾಕನ್ನ ಬಚ್ಚಲಿಗೆ ಸುರೀತೀಯಾ? ನನ್ನ ಮೇಲಿನ ಸಿಟ್ಟನ್ನ ಹೀಗೆ ತೀರಿಸ್ಕೋತೀಯಾ?"

"ಅಮ್ಮ, ಅವಳನ್ನ ಬೈಬೇಡ," ಎಂದ ರೆಜಿಸ್. "ನಂಗೆ ಹುಣ್ಣೂ ಇಲ್ಲ, ಗಿಣ್ಣೂ ಇಲ್ಲ. ನಾನು ಕುಡುಕ. ಒಂದು ಹನಿ ನಾಲಿಗೆಗೆ ಬಿದ್ರೆ ಬಾಟಲಿ ಖಾಲಿ ಆಗೋವರೆಗೂ ನಿಲ್ಲಲ್ಲ. ಅದಕ್ಕೇ ಬಿಟ್ಟಿದೀನಿ. ಬಿಟ್ಟಿರೋಕೆ ನೋಡ್ತಿದೀನಿ."

ಅಷ್ಟು ಹೇಳಿ ಹೊರಗೆ ಹೋದ. ಕೊಡಲಿಯ ಸದ್ದು ಮತ್ತೆ ಕೇಳಿಸಲಿಲ್ಲ.

ಅತ್ತೆ ಕುರ್ಚಿಯಲ್ಲಿ ಕುಸಿದರು. "ಎಲ್ಲಿ ಹೋದ್ನೇ ಅವನು? ಹೋಗಿ ನೋಡು," ಎಂದರು.

ಬೇರೆ ದಿನವಾಗಿದ್ದರೆ ಆ ಹೊತ್ತಿಗೆ ಗೇಟು ದಾಟಿರುತ್ತಿದ್ದೆ. ಆ ದಿನ ಕಾಲು ಏಳಲಿಲ್ಲ. "ನಾನು ಹೋಗಲ್ಲ ಅತ್ತೆ."

"ಬಾರಿಗೆ ಹೋಗಿ ಕುಡಿದುಬಿಟ್ರೆ?"

"ಕುಡೀಲಿ."

ಹೇಳಿದ ಮೇಲೆ ನನ್ನ ಮಾತಿಗೆ ನಾನೇ ಹೆದರಿದೆ. ಆದರೂ ಬಾಯಿ ನಿಲ್ಲಲಿಲ್ಲ. "ಅವನು ಬಿಟ್ಟಾಗಿಂದ ನಾನು ಒಂದಿನಾನೂ ನೆಟ್ಟಗೆ ನಿದ್ದೆ ಮಾಡಿಲ್ಲ. ಅವನು ಕೆಮ್ಮಿದ್ರೂ ಎದ್ದು ಕೂತ್ಕೋತೀನಿ. ಕುಡೀತಿದ್ದಾಗಾದ್ರೂ ನಿದ್ದೆ ಬರ್ತಿತ್ತು ಅತ್ತೆ. ನನ್ನ ಕೈಲಿ ಆಗಲ್ಲ ಇನ್ನು."

ಚೆನ್ನಾಗಿ ಬೈಸಿಕೊಳ್ಳಲು ತಯಾರಾಗಿಯೇ ನಿಂತಿದ್ದೆ. ಅತ್ತೆ ಬಾಟಲಿಗೆ ಬಿರಡೆ ಒತ್ತಿ ಚೀಲಕ್ಕೆ ಹಾಕಿಕೊಂಡರು.

"ನಿಮ್ಮ ಮಾವನೂ ಒಂದ್ಸಲ ಕೇಳಿದ್ರು. ಜಿನೆಟ್, ಇದನ್ನೆಲ್ಲ ಎತ್ತಿಟ್ಟುಬಿಡೇ, ನಾನು ಬಿಡ್ತೀನಿ ಅಂದ್ರು. ನಾನು ನಕ್ಕುಬಿಟ್ಟೆ. ಗಂಡಸಾಗಿ ಎಂಥ ಮಾತಾಡ್ತೀರಿ ಅಂತ ಗ್ಲಾಸು ತುಂಬಿಸಿ ಕೈಗೆ ಕೊಟ್ಟೆ." ಕೋಲು ಊರಿ ಎದ್ದರು. "ಮತ್ತೆ ಅವರು ಕೇಳ್ಲಿಲ್ಲ."

ಅತ್ತೆ ನನ್ನ ಏಪ್ರನ್ನಿನ ಗಂಟು ಬಿಚ್ಚಿ, ಅದನ್ನು ಮಡಚಿ ಕುರ್ಚಿಯ ಮೇಲಿಟ್ಟರು.

"ಹೋಗು, ಮಲಕ್ಕೋ. ಅವನ ಹತ್ರ ನಾನು ಕೂತಿರ್ತೀನಿ."

"ಎಷ್ಟು ಹೊತ್ತು ಅಂತ ಕೂತಿರ್ತೀರಿ?"

"ನೀನು ಏಳೋವರೆಗೂ. ನಂಗೇನು ಮನೇಲಿ ಹಸು ಕರೆಯೋದಿದೆಯಾ?"

ಮೆಟ್ಟಿಲ ಕಿಟಕಿಯಿಂದ ನೋಡಿದೆ. ರೆಜಿಸ್ ಎಲ್ಲಿಗೂ ಹೋಗಿರಲಿಲ್ಲ. ಸೌದೆ ರಾಶಿಯ ಪಕ್ಕ ಕೊರಡಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅತ್ತೆ ಇನ್ನೊಂದು ಕೊರಡನ್ನು ಕೋಲಿನಿಂದ ಉರುಳಿಸಿಕೊಂಡು ಹತ್ತಿರ ತಂದು, ಮುಲುಗುತ್ತ ಕೂತರು.

ಮೇಲೆ ಹೋಗಿ ಕಾಲಲ್ಲಿದ್ದ ಚಪ್ಪಲಿಯನ್ನೂ ಕಳಚದೆ ಮಂಚದ ಮೇಲೆ ಬಿದ್ದುಕೊಂಡೆ. ಕೆಳಗೆ ಮೂವರ ಮಾಂಸ ತಣ್ಣಗಾಗುತ್ತಿತ್ತು. ಆಗಲಿ ಅಂದುಕೊಂಡೆ. ಅಳು ಬಂತು. ಅದು ಮುಗಿಯುವ ಮೊದಲೇ ನಿದ್ದೆ ಬಂತು.