ಕರಡಿಗುಂಡಿಯಲ್ಲಿ ಏನೂ ಇಲ್ಲ

ಆಗಸ್ಟ್ ಪೂರ್ತಿ ಯೆರ್ನೆಯ್ ಬೆಳಕು ಹರಿಯುವ ಹೊತ್ತಿಗೇ ಎದ್ದು ಕೊಚೇವ್ಯೆ ಕಾಡು ಸುತ್ತಿದ. ಹೆಂಡತಿ ಜೊಫ್ಕಾ ಕೇಳಿದರೆ ಅಣಬೆಗೆ ಎನ್ನುತ್ತಿದ್ದ. ದಿನವೂ ಖಾಲಿ ಬುಟ್ಟಿ ನೋಡಿದ ಅವಳು, ಈ ವರ್ಷ ಅಣಬೆಗೆ ನಾಲ್ಕು ಕಾಲು ಬಂದಿರಬೇಕು ಎಂದಳು.

ಬೇಟೆಗಾರರ ಸಂಘದ ಪಾಳಿಯಲ್ಲಿ ಒಬ್ಬೊಬ್ಬನಿಗೆ ಒಂಬತ್ತು ವರ್ಷಕ್ಕೊಮ್ಮೆ ಒಂದು ದೊಡ್ಡ ಗಂಡು ಸಾರಂಗ ಹೊಡೆಯಲು ಸಿಗುತ್ತದೆ. ಈ ಸಲ ಯೆರ್ನೆಯ್‌ನ ಪಾಳಿ. ಮುಂದಿನದು ಬರುವಷ್ಟರಲ್ಲಿ ಅವನಿಗೆ ಎಪ್ಪತ್ತೆಂಟು. ಅಟ್ಟಣೆಯ ಏಣಿಗೆ ಮಂಡಿ ಒಪ್ಪುವುದಿಲ್ಲ. ಹೊಡೆದರೆ ಈ ಸೆಪ್ಟೆಂಬರಿನಲ್ಲಿ, ಇಲ್ಲದಿದ್ದರೆ ಇಲ್ಲ.

ಸಾರಂಗ ಓಡಾಡುವ ಜಾಗ ಸಿಕ್ಕಿದ್ದು ಕರಡಿಗುಂಡಿ ಎಂಬ ತಗ್ಗಿನಲ್ಲಿ. ಕೊಂಬು ಉಜ್ಜಿ ಎಳೆಮರಗಳ ತೊಗಟೆ ಎದೆಯೆತ್ತರಕ್ಕೆ ಸುಲಿದಿತ್ತು. ಕೆಸರಿನಲ್ಲಿ ಅಂಗೈ ಅಗಲದ ಗೊರಸು, ಪಕ್ಕದಲ್ಲಿ ಹಸಿ ಹಿಕ್ಕೆ. ಯೆರ್ನೆಯ್ ತನ್ನ ಬೂಟಿನ ಗುರುತನ್ನು ಸೊಪ್ಪಿನಿಂದ ಒರೆಸುತ್ತ ಹಿಂದಕ್ಕೆ ನಡೆದು ಬಂದ.

ತಿಂಗಳ ಕೊನೆಯ ಭಾನುವಾರ ಸಂಘದ ಮನೆಯಲ್ಲಿ ಸಭೆ. ಯಾರು ಎಲ್ಲಿ ಏನು ಕಂಡರೆಂದು ಅಧ್ಯಕ್ಷ ಲೋಯ್ಜೆಗೆ ಹೇಳಬೇಕು, ಅವನು ಗೋಡೆಯ ನಕ್ಷೆಯಲ್ಲಿ ಗುರುತು ಹಾಕುತ್ತಾನೆ. ಗುರುತು ಬಿದ್ದ ಜಾಗಕ್ಕೆ ಮಿಕ್ಕವರೆಲ್ಲ ಇಣುಕಲು ಹೋಗಿ ಪ್ರಾಣಿಯನ್ನು ಬೆದರಿಸಿಬಿಡುವುದು ಮಾಮೂಲು. ಕರಡಿಗುಂಡಿಯಲ್ಲಿ ಒಂದು ನರಿಯ ಹಿಕ್ಕೆ ಬಿಟ್ಟರೆ ಏನೂ ಇಲ್ಲ, ಅದೂ ಹಳೆಯದು ಎಂದ ಯೆರ್ನೆಯ್. ಪಕ್ಕದಲ್ಲಿದ್ದ ಮತೆವ್ಜ್, ತಾನು ಸುತ್ತಿದ ಮೂರುಕಲ್ಲಿನಲ್ಲಿ ನರಿಯೂ ಇಲ್ಲವೆಂದ. ಎಲ್ಲರದೂ ಮುಗಿದಾಗ ನಕ್ಷೆ ತೊಳೆದಿಟ್ಟ ತಟ್ಟೆಯಂತಿತ್ತು.

"ಒಳ್ಳೇದಾಯ್ತು," ಎಂದ ಲೋಯ್ಜೆ. "ಬೇಟೆನಾಯಿ ಪಳಗಿಸೋಕೆ ಖಾಲಿ ಜಾಗ ಬೇಕಿತ್ತು. ಸೆಪ್ಟೆಂಬರ್ ಪೂರ್ತಿ ಹನ್ನೆರಡು ನಾಯೀನೂ ಕರಡಿಗುಂಡಿಗೆ. ಯೆರ್ನೆಯಣ್ಣ, ಜಾಗ ನಿಂಗೊತ್ತು, ನೀನೇ ನಿಂತು ನೋಡ್ಕೊ."

ಯೆರ್ನೆಯ್ ಬೀನ್ಸ್ ಕಾಳಿನ ಸಾರಿನ ಬಟ್ಟಲು ಕೆಳಗಿಟ್ಟ. ಸುಳ್ಳು ಹೇಳಿದವನಿಗೆ ಶಿಕ್ಷೆ ಏನೆಂದು ಎಲ್ಲರಿಗೂ ಗೊತ್ತು: ಬೆಂಚಿನ ಮೇಲೆ ಬೋರಲು ಮಲಗಿ ಕುಂಡೆಗೆ ಮೂರು ಕೋಲೇಟು, ಎಲ್ಲರ ಎದುರಿಗೆ. ಮೂವತ್ತು ವರ್ಷ ಗರಗಸದ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವನು ಅವನು. ಹನ್ನೆರಡು ನಾಯಿಗಳನ್ನು ನೆನೆದ. ಎದ್ದು ನಿಂತ.

"ಲೋಯ್ಜೆ, ಆ ಹಿಕ್ಕೆ ಸಾರಂಗದ್ದೂ ಇರಬೋದು."

"ಎಷ್ಟಿತ್ತು?"

"ತುಂಬಾ."

"ಕೊಂಬು ಉಜ್ಜಿದ ಮರ?"

"ಹನ್ನೊಂದು."

ಲೋಯ್ಜೆ ದನಿ ಏರಿಸಲಿಲ್ಲ, ಬೆಂಚು ತೋರಿಸಿದ. ಒಂದೇಟು ಕಾಡಿನ ಹೆಸರಲ್ಲಿ, ಒಂದು ಸಂಘದ ಹೆಸರಲ್ಲಿ, ಮೂರನೆಯದು ಹನ್ನೊಂದು ಮರಗಳ ಹೆಸರಲ್ಲಿ ಬಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವನು ಮತೆವ್ಜ್.

"ಮೆತ್ತಗೆ ಹೊಡಿಯಪ್ಪ, ಒಳಗೆ ಬರೀ ಮೂಳೆ," ಎಂದು ಕೂಗಿದ.

ಜಾಗ ಕಂಡವನೇ ಅಲ್ಲಿ ಕೂರಬೇಕೆಂಬುದು ಸಂಘದ ಪದ್ಧತಿ. ಲೋಯ್ಜೆ ಕರಡಿಗುಂಡಿಯ ಮೇಲೆ ಯೆರ್ನೆಯ್‌ನ ಹೆಸರು ಬರೆದ. ನಾಯಿಗಳಿಗೆ ಬೇರೆ ಜಾಗ ಹುಡುಕುವುದು ಉಳಿಯಿತು. ಲೋಯ್ಜೆಯ ಬೆರಳು ನಕ್ಷೆಯ ಮೇಲೆ ನಿಧಾನವಾಗಿ ಸರಿಯಿತು.

"ಹಾಗಾದ್ರೆ ಮೂರುಕಲ್ಲಿಗೇ ಕಳಿಸೋಣ."

ಮತೆವ್ಜ್‌ನ ನಗು ನಿಂತಿತು. ಲೋಟದಲ್ಲಿ ಉಳಿದಿದ್ದ ವೈನ್ ಮುಗಿಸಿದ, ಕೋಟು ಬಿಚ್ಚಿ ನೀಟಾಗಿ ಮಡಚಿ ಕುರ್ಚಿಗೆ ಹಾಕಿದ, ಬೆಂಚಿನತ್ತ ನಡೆದ. ಅವನ ಹಿಂದೆ ಇನ್ನಿಬ್ಬರು, ಯಾರೂ ಕೇಳುವ ಮೊದಲೇ, ಕೋಟಿನ ಗುಂಡಿ ಬಿಚ್ಚತೊಡಗಿದ್ದರು.

ಯೆರ್ನೆಯ್ ಇನ್ನೊಂದು ಬಟ್ಟಲು ಸಾರು ಹಾಕಿಸಿಕೊಂಡು ಕಿಟಕಿಯ ಬಳಿ ನಿಂತೇ ಕುಡಿದ. ಕೂರುವುದು ಹೇಗೂ ಸೆಪ್ಟೆಂಬರಿನಲ್ಲಿ.