ಯಾ ಯೆಗೋ, ಬಂದಾಯ್ತು

ಕಪ್ಪೆಗಳ ಅಧ್ಯಯನಕ್ಕೆಂದು ಸ್ಪೇನಿನಿಂದ ಸಂಪಾಜೆಗೆ ಬಂದು ದಮಯಂತಿಯ ಹೋಮ್‌ಸ್ಟೇಯಲ್ಲಿ ಉಳಿದಿದ್ದ ಲೂಸಿಯಾ ಹರುಕುಮುರುಕು ಕನ್ನಡ ಕಲಿತಿದ್ದಳು. ಬದಲಿಗೆ ಚಹಾದ ಹೊತ್ತಿಗೆ ತನ್ನ ಭಾಷೆ ಕಲಿಸುತ್ತಿದ್ದಳು.

"ನಂಗೆ ಬರುದು, ಹೋಗುದು ಸಾಕು ಮಾರಾಯ್ತಿ. ನಮ್ಮ ವ್ಯಾಪಾರ ಅದರಲ್ಲೇ ಉಂಟು" ಎಂದಿದ್ದಳು ದಮಯಂತಿ. ಪಾಠ ಹೋಗುವುದರವರೆಗೆ ಹೋಗಲೇ ಇಲ್ಲ, ಬರುವುದರಲ್ಲೇ ನಿಂತಿತು. ಹಾಲು ಬಂತು, ಯೆಗೋ. ಲೈನ್‌ಮನ್ ಬರಲಿಲ್ಲ, ನೋ ಯೆಗೋ. ಗಂಡ ತೀರ್ಥರಾಮ ಊಟಕ್ಕೆ ಬಂದರೂ "ಯಾ ಯೆಗೋ!" ಬಂದಾಯ್ತು!

ಆ ದಿನ ಲೂಸಿಯಾ ದಮಯಂತಿಯ ಸ್ಕೂಟರಿನಲ್ಲಿ ಸುಳ್ಯಕ್ಕೆ ಹೋದವಳು ಹೊತ್ತು ಮುಳುಗುತ್ತ ಬಂದರೂ ಪತ್ತೆಯಿಲ್ಲ. ಫೋನ್ ಸ್ವಿಚ್ಡ್ ಆಫ್. ಅಷ್ಟರಲ್ಲಿ ನೆರೆಮನೆಯ ಬೋಜಪ್ಪ ಫೋನ್ ಮಾಡಿದ: "ಅಕ್ಕಾ, ತಿರುವಿನಲ್ಲಿ ಒಂಟಿ ಆನೆ ಇಳಿದುಂಟು. ಒಂದು ಸ್ಕೂಟರ್ ಅಡ್ಡ ಬಿದ್ದುಂಟಂತೆ. ಜನ ಕಾಣುದಿಲ್ಲ."

ತೀರ್ಥರಾಮ ಚಪ್ಪಲಿಯನ್ನೂ ಮೆಟ್ಟದೆ ಜೀಪು ಹತ್ತಿದ.

ದಮಯಂತಿ ಅಂಗಳಕ್ಕಿಳಿದು ನಿಂತಳು. ಅಯ್ಯೋ ದೇವರೇ, ಕೀ ಕೊಟ್ಟು ಕಳಿಸಿದವಳು ನಾನೇ ಅಲ್ವಾ! ಆಗಲೇ ಅವಳ ಮೊಬೈಲಿಗೆ ವಿಡಿಯೋ ಕಾಲ್ ಬಂತು. ಲೂಸಿಯಾಳ ಅಮ್ಮ. ಮಗಳ ಫೋನ್ ಸಿಗದೆ ಕಂಗಾಲಾದ ಮುಖ.

"ಲೂಸಿಯಾ? ಯಾ ಯೆಗೋ?"

ಅರ್ಥವಾಯಿತು. ಅರ್ಥವಾಗದಿದ್ದರೆ ಎಷ್ಟು ಚೆನ್ನಾಗಿತ್ತು! ನೋ ಯೆಗೋ ಎನ್ನಲು ಬಾಯಿ ತೆರೆದಳು. ಯಾಕೆ, ಎಲ್ಲಿ, ಏನಾಯಿತು ಎಂದು ಆ ತಾಯಿ ಕೇಳಿದರೆ? ಆನೆ ಎನ್ನಲು, ಹುಡುಕುತ್ತಿದ್ದಾರೆ ಎನ್ನಲು ಇವಳಲ್ಲಿ ಮಾತಿರಲಿಲ್ಲ.

"ಸೀ, ಸೀ. ಯಾ ಯೆಗೋ" ಎಂದುಬಿಟ್ಟಳು. ಹೌದು, ಹೌದು, ಬಂದಾಯ್ತು. ಬಚ್ಚಲಿನ ಕಡೆ ಬೆರಳು ತೋರಿಸಿ, ತಲೆಗೆ ಚೊಂಬಿನಿಂದ ನೀರು ಹೊಯ್ದುಕೊಳ್ಳುವ ಹಾಗೆ ಕೈಯಾಡಿಸಿದಳು.

ಆ ತಾಯಿ ಎದೆ ಮುಟ್ಟಿಕೊಂಡು ನಕ್ಕಳು. ಪಟಪಟ ಏನೇನೋ ಹೇಳಿ, ಮುತ್ತು ಹಾರಿಸಿ ಫೋನಿಟ್ಟಳು.

ದಮಯಂತಿ ಆರಿದ ಪರದೆಯನ್ನೇ ನೋಡಿದಳು. ಹುಡುಗಿ ಬರದೇ ಹೋದರೆ ಆ ತಾಯಿಗೆ ಹೇಗೆ ಮುಖ ತೋರಿಸುವುದು? ಮೆಟ್ಟಿಲ ಮೇಲೆ ಕುಸಿದು ಕೂತು, ಗೇಟನ್ನೇ ನೋಡುತ್ತ, ಗೊತ್ತಿದ್ದ ದೈವಗಳಿಗೆಲ್ಲ ಹರಕೆ ಹೇಳಿಕೊಂಡಳು. ಕೊನೆಗೆ ಹರಕೆಯೂ ಮರೆತು ಬರೀ ಯೆಗೋ, ಯೆಗೋ ಎನ್ನತೊಡಗಿದಳು.

ಜೀಪು ಬಂತು. ಬಾಗಿಲು ತೆರೆದು ಲೂಸಿಯಾ ಇಳಿದಳು. ಮೈಯೆಲ್ಲ ಕೆಸರು, ಮೊಣಕೈಯಲ್ಲಿ ನೆತ್ತರು. ಸ್ಕೂಟರ್ ಬಿಟ್ಟು ಓಡಿ ಯಾರದೋ ರಬ್ಬರ್ ಶೆಡ್ಡಿನಲ್ಲಿ ಅಡಗಿ ಕೂತಿದ್ದಳಂತೆ, ಫೋನು ದಾರಿ ಬದಿಯ ತೋಡಿನ ನೀರಿಗೆ ಬಿತ್ತಂತೆ.

ದಮಯಂತಿ ಓಡಿಹೋಗಿ ಅವಳ ಬೆನ್ನಿಗೊಂದು ಗುದ್ದಿ, ಆಮೇಲೆ ಬಿಗಿಯಾಗಿ ಅಪ್ಪಿಕೊಂಡಳು. "ಎಂತ ಹೆದರಿಸಿದ್ದು ನೀನು, ಕತ್ತೆ!"

"ಅಕ್ಕಾ, ಫೋನ್ ಕೊಡಿ. ಅಮ್ಮ ಹೆದರ್ತಾರೆ."

ದಮಯಂತಿ ಮೊಬೈಲನ್ನು ಸೆರಗಿನೊಳಗೆ ಅಡಗಿಸಿದಳು. "ನೀನು ಸ್ನಾನಕ್ಕೆ ಹೋಗಿದ್ದಿ ಅಂತ ಹೇಳಿದ್ದೇನೆ. ಮೊದಲು ಮಿಂದು ಬಾ."

ಬಿಸಿನೀರು ತೋಡಿ ಕೊಡುವಾಗಲೂ ಅವಳ ಕಣ್ಣು ಹುಡುಗಿಯ ಮೇಲೇ ಇತ್ತು. ಬಕೆಟ್ಟಿಗಿಂತ ನೆಲಕ್ಕೇ ಹೆಚ್ಚು ನೀರು ಬಿತ್ತು.